ಹುಲ್ಲುಹಾಸಿನ ನಡುವಿನ ಹಾಲುಗಿಡ: ನೆಲಕ್ಕಂಟಿ ಹಬ್ಬುವ ಒಂದು ಪರದೇಶಿ ಕಳೆಯನ್ನು ಗುರುತಿಸುವ ಬಗೆ

ಮಂಡ್ಯ, ಮೈಸೂರು ಸೀಮೆಯ ಹಳ್ಳಿಗಳಲ್ಲಿ ಭರಣಿ ಮಳೆ ಬಿದ್ದು ಎರಡು ವಾರ ಕಳೆಯಿತೆಂದರೆ ಬೆರಕೆ ಸೊಪ್ಪಿನ ಕಾಲ ಬಂತೆಂದೇ ಲೆಕ್ಕ. ಯಾರೂ ಬಿತ್ತದೆ, ಯಾರೂ ನೀರುಣಿಸದೆ, ಬದುವಿನಲ್ಲಿಯೂ ಹೊಲದ ಸಾಲಿನಲ್ಲಿಯೂ ತಾನಾಗಿ ಎದ್ದು ಬರುವ ಅಣ್ಣೆ, ಗಣಿಕೆ, ಗೋಣಿ ಮೊದಲಾದ ಸೊಪ್ಪುಗಳನ್ನು ಮಡಿಲು ತುಂಬ ಕೊಯ್ದು ತಂದು, ಉಪ್ಪುಸಾರಿಗೋ ಮಸ್ಸೊಪ್ಪಿಗೋ ಬೇಯಿಸುವ ರೂಢಿ ಇಂದಿಗೂ ಅಳಿದಿಲ್ಲ. ಯಾವುದು ತಿನ್ನುವ ಸೊಪ್ಪು, ಯಾವುದು ಅಲ್ಲ ಎಂಬುದನ್ನು ಆ ಹೆಂಗಸರಿಗೆ ಯಾರೂ ಪುಸ್ತಕ ಹಿಡಿದು ಕಲಿಸಿದ್ದಿಲ್ಲ. ಚಿವುಟಿದ ಬೆರಳಿಗೇ ಅದು ಗೊತ್ತು. ನಗರದ ಹೊಸ ಬಡಾವಣೆಗೆ ಬಂದು ನೆಲೆಸಿ, ಪಕ್ಕದ ಖಾಲಿ ನಿವೇಶನದಲ್ಲಿಯೋ ಮನೆಯ ಮುಂದಿನ ಹುಲ್ಲುಹಾಸಿನಲ್ಲಿಯೋ ಅದೇ ಸೊಪ್ಪನ್ನು ಹುಡುಕುವವರಿಗೆ ಮಾತ್ರ ಬೆರಳಿನ ಆ ತಿಳಿವಳಿಕೆ ದಾಟಿ ಬಂದಿರುವುದಿಲ್ಲ. ಅವರು ಗೋಣಿ ಸೊಪ್ಪೆಂದು ಕಿತ್ತು ತಂದ ಕಟ್ಟಿನಲ್ಲಿ ಒಮ್ಮೊಮ್ಮೆ ಬೇರೊಂದು ಗಿಡ ಸೇರಿಕೊಂಡಿರುತ್ತದೆ. ಅದಕ್ಕೂ ಕೆಂಪು ಕಾಂಡ, ಅದಕ್ಕೂ ಸಣ್ಣ ಎಲೆ, ಅದೂ ನೆಲಕ್ಕೆ ಒತ್ತಿಕೊಂಡೇ ಹಬ್ಬುತ್ತದೆ. ಈ ಲೇಖನ ಆ ಗಿಡವನ್ನು ಕುರಿತದ್ದು.

ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಯೂಫೋರ್ಬಿಯಾ ಪ್ರಾಸ್ಟ್ರೇಟಾ. ಕಳ್ಳಿ, ಹರಳು ಸೇರಿದ ಯೂಫೋರ್ಬಿಯೇಸಿ ಕುಟುಂಬದ, ಅದರಲ್ಲಿಯೂ ಕಳ್ಳಿಯದೇ ಕುಲದ ಏಕವಾರ್ಷಿಕ ಸಸ್ಯವಿದು; ಅಮೆರಿಕ ಖಂಡದ ಉಷ್ಣವಲಯ ಮತ್ತು ಕೆರಿಬಿಯನ್ ದ್ವೀಪಗಳಿಂದ ಹೊರಟು ಇಂದು ಜಗತ್ತಿನ ಬೆಚ್ಚಗಿನ ನಾಡುಗಳಲ್ಲೆಲ್ಲ ಹರಡಿದೆ. ಇದನ್ನು ಗುರುತಿಸುವಾಗ ಹೆಚ್ಚಿನವರು ನೆಚ್ಚಿಕೊಳ್ಳುವುದು ಕಾಂಡದ ಕೆಂಪು ಬಣ್ಣವನ್ನು ಮತ್ತು ಎಲೆಯ ಗಾತ್ರವನ್ನು. ಇವೆರಡೂ ನೆಚ್ಚತಕ್ಕ ಗುರುತುಗಳಲ್ಲ ಎಂಬುದೇ ನಾನು ಮುಖ್ಯವಾಗಿ ಹೇಳಬೇಕಾದ ಸಂಗತಿ. ಬಿಸಿಲಿನಲ್ಲಿ ಬೆಳೆದ ಗಿಡ ಕೆಂಪಾಗಿರುತ್ತದೆ, ನೆರಳಿನಲ್ಲಿ ಬೆಳೆದದ್ದು ಹಸಿರಾಗಿರುತ್ತದೆ. ನೀರು ಕಂಡ ಗಿಡದ ಎಲೆ, ಕಲ್ಲಿನ ಸಂದಿನಲ್ಲಿ ಒಣಗುತ್ತ ಬದುಕಿದ ಗಿಡದ ಎಲೆಗಿಂತ ಎರಡು ಪಟ್ಟು ದೊಡ್ಡದಾಗಿರಬಹುದು. ಬದಲಾಗದೆ ಉಳಿಯುವುದು ಮೂರು: ಮುರಿದಾಗ ಒಸರುವ ಹಾಲು, ಎಲೆಯ ಬುಡದ ಸೊಟ್ಟು, ಕಾಯಿಯ ಮೇಲಿನ ರೋಮ ಕುಳಿತಿರುವ ಜಾಗ. ಮೊದಲನೆಯದು ಗೋಣಿ ಸೊಪ್ಪನ್ನು ಹೊರಗಿಡುತ್ತದೆ, ಎರಡನೆಯದು ಗುಂಪನ್ನು ತಿಳಿಸುತ್ತದೆ, ಮೂರನೆಯದು ಜಾತಿಯನ್ನು ಖಚಿತಪಡಿಸುತ್ತದೆ.

ಹೆಸರಿನ ವಿಷಯದಲ್ಲಿ ಒಂದು ತೊಡಕಿದೆ. ಈ ಜಾತಿಗೇ ಮೀಸಲಾದ, ಎಲ್ಲರೂ ಒಪ್ಪಿದ ಕನ್ನಡದ ಹೆಸರು ಬಳಕೆಯಲ್ಲಿಲ್ಲ. ಹಾಲು ಬರುವ ಸಣ್ಣ ಗಿಡಗಳನ್ನೆಲ್ಲ ಜನ ಹಾಲುಗಿಡ, ಹಾಲುಸೊಪ್ಪು ಎಂದು ಒಟ್ಟಾಗಿ ಕರೆದುಬಿಡುತ್ತಾರೆ. ಸಂಸ್ಕೃತದ ದುಗ್ಧಿಕಾ ಎಂಬ ಹೆಸರೂ ಹೀಗೆಯೇ ಒಂದಕ್ಕಿಂತ ಹೆಚ್ಚು ಜಾತಿಗಳಿಗೆ ಅನ್ವಯವಾಗುತ್ತದೆ. ಆದ್ದರಿಂದ ಇಲ್ಲಿ ಅನುಕೂಲಕ್ಕಾಗಿ ಇದನ್ನು ಚಾಪೆ ಹಾಲುಗಿಡ ಎಂದು ಕರೆಯುತ್ತೇನೆ. ಇದು ನಾನು ಇಟ್ಟುಕೊಂಡ ಹೆಸರೇ ಹೊರತು ನಾಡಿನ ರೂಢಿಯದ್ದಲ್ಲ.

ಮೊದಲು ಗಿಡವನ್ನು ಕೀಳದೆ, ನಿಂತಲ್ಲಿಂದಲೇ ನೋಡಬೇಕು. ಒಂದೇ ಬಿಂದುವಿನಿಂದ ಹೊರಟ ಹತ್ತಾರು ತೆಳುವಾದ ಕಾಂಡಗಳು ಬಂಡಿಯ ಚಕ್ರದ ಅರಗಳಂತೆ ಸುತ್ತಲೂ ಚಾಚಿಕೊಂಡು, ಒಂದರ ಪಕ್ಕ ಒಂದು ನೆಲಕ್ಕೆ ಅಂಟಿ ಮಲಗಿರುತ್ತವೆ. ಪ್ರತಿಯೊಂದು ಕಾಂಡ ಸಾಮಾನ್ಯವಾಗಿ ಐದರಿಂದ ಇಪ್ಪತ್ತು ಸೆಂಟಿಮೀಟರ್ ಉದ್ದವಿರುತ್ತದೆ. ಇಡೀ ಗಿಡ ಬಲಿತಾಗ ಊಟದ ತಟ್ಟೆಯಷ್ಟು ಅಗಲ ಹಬ್ಬಿರುತ್ತದೆ, ಎತ್ತರ ಮಾತ್ರ ಬೆರಳಿನ ದಪ್ಪವನ್ನು ಮೀರುವುದು ಕಡಿಮೆ. ಈ ಚಕ್ರಾಕಾರ ಆಕಸ್ಮಿಕವಾಗಿ ಒದಗಿದ್ದಲ್ಲ. ಬೀಜ ಮೊಳೆತು ಎರಡು ಬೀಜದಳಗಳು ತೆರೆದುಕೊಂಡ ಮೇಲೆ, ಸಾಧಾರಣ ಗಿಡಗಳಲ್ಲಿ ನಡುವಿನ ಕುಡಿ ಮೇಲಕ್ಕೆ ಬೆಳೆಯುತ್ತ ಹೋಗುತ್ತದೆ. ಈ ಗುಂಪಿನ ಗಿಡಗಳಲ್ಲಿ ಆ ನಡುಕುಡಿ ಬಹುಬೇಗ ನಿಂತುಹೋಗಿ, ಬೀಜದಳಗಳ ಕಂಕುಳಿನಿಂದ ಹುಟ್ಟಿದ ಪಕ್ಕದ ಕವಲುಗಳೇ ಗಿಡದ ಇಡೀ ಮೈಯಾಗುತ್ತವೆ. ಹೀಗಾಗಿ ಗಿಡಕ್ಕೆ ನಡುಕಾಂಡವೆಂಬುದೇ ಇಲ್ಲ. ಕವಲುಗಳೆಲ್ಲ ಬಂದು ಸೇರುವ ಆ ಬಿಂದುವಿನ ಕೆಳಗೆ ಸಪೂರವಾದ ಒಂದು ತಾಯಿಬೇರು ನೇರವಾಗಿ ಇಳಿದಿರುತ್ತದೆ. ಗರಿಕೆಯಂತೆ ಗೆಣ್ಣುಗೆಣ್ಣಿಗೂ ಬೇರೂರಿ ಹಬ್ಬುವುದು ಇದರ ಸ್ವಭಾವವಲ್ಲ ಎಂಬುದನ್ನು ನೆನಪಿಡಬೇಕು. ಕಳೆ ಕೀಳುವಾಗ ಇದು ಉಪಯೋಗಕ್ಕೆ ಬರುತ್ತದೆ.

ಇನ್ನು ಹಾಲಿನ ಪರೀಕ್ಷೆ. ಒಂದು ಕಾಂಡವನ್ನು ಎಳೆಯ ತುದಿಯ ಕಡೆ ಮುರಿದರೆ ಎರಡೂ ಕೊನೆಗಳಲ್ಲಿ ಬಿಳಿಯ ಹನಿ ಕೂಡಲೇ ಒಸರುತ್ತದೆ. ಕಡುಬೇಸಿಗೆಯ ನಡುಮಧ್ಯಾಹ್ನ, ನೀರಿಲ್ಲದೆ ಸೊರಗಿದ ಗಿಡದ ಬಲಿತ ಕಾಂಡದಲ್ಲಿ ಹಾಲು ಕಾಣದೆ ಹೋಗಬಹುದು. ಆಗ ಒಂದನ್ನು ಮುರಿದು ತೀರ್ಮಾನಿಸದೆ, ಮೂರು ನಾಲ್ಕು ಎಳೆಯ ತುದಿಗಳನ್ನು ಮುರಿದು ನೋಡಬೇಕು, ಸಾಧ್ಯವಾದರೆ ಬೆಳಗಿನ ಹೊತ್ತು ನೋಡಬೇಕು. ಗೋಣಿ ಸೊಪ್ಪಿನ ಕಾಂಡವನ್ನು ಹೀಗೆ ಮುರಿದರೆ ಬಣ್ಣವಿಲ್ಲದ ಲೋಳೆನೀರು ಬರುತ್ತದೆ, ಬಿಳಿ ಹನಿ ಎಂದಿಗೂ ಬರುವುದಿಲ್ಲ. ಅಡುಗೆಗೆ ಸೊಪ್ಪು ಆರಿಸುವವರಿಗೆ ಇಷ್ಟು ಸಾಕು: ನೆಲಕ್ಕೆ ಹಬ್ಬಿದ ಗಿಡದಲ್ಲಿ ಹಾಲು ಕಂಡರೆ ಅದು ಗೋಣಿ ಸೊಪ್ಪಲ್ಲ, ಬುಟ್ಟಿಗೆ ಹಾಕತಕ್ಕದ್ದೂ ಅಲ್ಲ.

ಹಾಲು ನೋಡುವ ಮೊದಲೇ ಇವೆರಡನ್ನೂ ಬೇರ್ಪಡಿಸಬಲ್ಲ ಬೇರೆ ಗುರುತುಗಳೂ ಇವೆ. ಗೋಣಿ ಸೊಪ್ಪಿನ ಎಲೆ ದಪ್ಪ, ಮಾಂಸಲ, ನುಣುಪು. ಬೆರಳುಗಳ ನಡುವೆ ಒತ್ತಿದರೆ ಪಚ್ಚನೆ ಒಡೆದು ನೀರಾಗುತ್ತದೆ. ಅಂಚಿನಲ್ಲಿ ಹಲ್ಲುಗಳಿಲ್ಲ, ಬುಡ ತೊಟ್ಟಿನ ಕಡೆಗೆ ಸಮನಾಗಿ ಕಿರಿದಾಗುತ್ತ ಬರುತ್ತದೆ, ಎಲೆಗಳು ಕವಲಿನ ತುದಿಯಲ್ಲಿ ಗೊಂಚಲಾಗಿ ಸೇರಿಕೊಳ್ಳುತ್ತವೆ. ಕಾಂಡವೂ ರಸ ತುಂಬಿ ಉರುಟಾಗಿರುತ್ತದೆ. ಹೂ ಹಳದಿ, ಬಿಸಿಲೇರಿದ ಮೇಲೆ ಅರಳಿ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳುತ್ತದೆ. ಕಾಯಿ ಒಡೆಯುವ ಬಗೆಯಂತೂ ಇನ್ನೂ ಸೊಗಸು: ಕುಂಕುಮದ ಭರಣಿಯ ಮುಚ್ಚಳ ತೆಗೆದಂತೆ ಮೇಲಿನ ಅರ್ಧ ಕಳಚಿಕೊಂಡು, ಒಳಗೆ ಕಪ್ಪು ಬೀಜಗಳು ಕಾಣುತ್ತವೆ. ಚಾಪೆ ಹಾಲುಗಿಡದ ಎಲೆ ಕಾಗದದಷ್ಟು ತೆಳು, ಕಾಂಡ ಹೊಲಿಗೆಯ ದಪ್ಪ ದಾರದಷ್ಟು ಸಪೂರ, ಹೂವೆಂದು ಹೇಳಬಹುದಾದ ಬಣ್ಣದ ವಸ್ತು ಕಣ್ಣಿಗೆ ಬೀಳುವುದೇ ಇಲ್ಲ.

ಎಲೆಯನ್ನು ಹತ್ತಿರದಿಂದ ನೋಡೋಣ. ಎಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿ ಹುಟ್ಟುತ್ತವೆ; ಒಂದೊಂದರ ಉದ್ದ ಸುಮಾರು 3ರಿಂದ 8 ಮಿಲಿಮೀಟರ್, ಅಗಲ ಅದರಲ್ಲಿ ಅರ್ಧದಷ್ಟು ಅಥವಾ ಕೊಂಚ ಹೆಚ್ಚು. ತುದಿ ಮೊಂಡು, ಅಂಚಿನಲ್ಲಿ ಅತಿ ಸಣ್ಣ ಹಲ್ಲುಗಳು. ಒಂದು ಎಲೆಯನ್ನು ಕಿತ್ತು ಅಂಗೈ ಮೇಲೆ ಬೋರಲು ಹಾಕಿ, ನಡುನರದ ಎರಡೂ ಬದಿಗಳನ್ನು ಹೋಲಿಸಿದರೆ ಅದರ ಸೊಟ್ಟುತನ ತಿಳಿಯುತ್ತದೆ. ಬುಡದಲ್ಲಿ ಒಂದು ಬದಿ ದುಂಡಗೆ ಉಬ್ಬಿ ಕೆಳಗಿಳಿದಿರುತ್ತದೆ, ಇನ್ನೊಂದು ಬದಿ ಓರೆಯಾಗಿ ಕತ್ತರಿಸಿದಂತೆ ಮೇಲೆಯೇ ನಿಂತಿರುತ್ತದೆ. ಯೂಫೋರ್ಬಿಯಾ ಕುಲದಲ್ಲಿ ಸುಮಾರು 2000 ಜಾತಿಗಳಿದ್ದು, ಹೀಗೆ ಸೊಟ್ಟಬುಡದ ಎದುರೆಲೆಗಳಿರುವ ಸಣ್ಣ ಗಿಡಗಳದ್ದೇ ಒಂದು ಗುಂಪಿದೆ. ಅದನ್ನು ಬಹುಕಾಲ ಕಾಮೇಸೈಸೆ ಎಂಬ ಬೇರೆ ಕುಲವೆಂದು ಎಣಿಸುವವರಿದ್ದರು, ಹಳೆಯ ಹಲವು ಗ್ರಂಥಗಳಲ್ಲಿ ಗಿಡದ ಹೆಸರು ಹಾಗೆಯೇ ಸಿಗುತ್ತದೆ. ವಂಶವಾಹಿಗಳ ಅಧ್ಯಯನ ಬೆಳೆದ ಮೇಲೆ ಈ ಗುಂಪನ್ನು ಮತ್ತೆ ಯೂಫೋರ್ಬಿಯಾದೊಳಗೆ ಸೇರಿಸಿದ್ದಾರೆ. ಹೆಸರು ಬದಲಾದರೂ ಎಲೆಯ ಸೊಟ್ಟು ಬದಲಾಗಿಲ್ಲವಾದ್ದರಿಂದ ಓದುಗರು ಈ ವಾದಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಇಷ್ಟಾದರೆ ಗುಂಪು ಸಿಕ್ಕಿತು. ಜಾತಿಗೆ ಬರಬೇಕಾದರೆ ಹೂವು ಮತ್ತು ಕಾಯಿಯನ್ನು ನೋಡಲೇಬೇಕು, ಅದಕ್ಕೆ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಸಣ್ಣ ಭೂತಗನ್ನಡಿ ಬೇಕು. ಅದಿಲ್ಲದಿದ್ದರೆ ಈಗಿನ ಮೊಬೈಲ್ ಕ್ಯಾಮೆರಾದಿಂದ ಹತ್ತಿರದ ಚಿತ್ರ ತೆಗೆದು, ಪರದೆಯ ಮೇಲೆ ಹಿಗ್ಗಿಸಿಯೂ ಕೆಲಸ ಸಾಗಿಸಬಹುದು.

ಎಲೆಯ ಕಂಕುಳಲ್ಲಿ ಗಸಗಸೆಗಿಂತ ತುಸು ದೊಡ್ಡದಾದ, ತಿಳಿಗೆಂಪು ಅಥವಾ ಹಸಿರು ಬಣ್ಣದ ಬಟ್ಟಲುಗಳು ಕಾಣುತ್ತವೆ. ನೋಡಿದವರು ಒಂದು ಬಟ್ಟಲನ್ನು ಒಂದು ಹೂವೆಂದೇ ತಿಳಿಯುತ್ತಾರೆ, ಆದರೆ ಅದು ಹೂಗಳ ಒಂದು ಸಂಸಾರ. ಬಟ್ಟಲಿನ ಒಳಗೆ ಕೆಲವು ಗಂಡುಹೂಗಳಿರುತ್ತವೆ; ಅವುಗಳಿಗೆ ದಳವಿಲ್ಲ, ಪುಷ್ಪಪಾತ್ರೆಯಿಲ್ಲ, ಒಂದೊಂದು ಹೂವೂ ಸವೆದು ಸವೆದು ಕೇವಲ ಒಂದೊಂದು ಕೇಸರವಾಗಿ ಉಳಿದಿದೆ. ಅವುಗಳ ನಡುವೆ ಒಂದೇ ಒಂದು ಹೆಣ್ಣುಹೂ. ಅದಕ್ಕೂ ದಳವಿಲ್ಲ, ಮೂರು ಕೋಣೆಯ ಅಂಡಾಶಯ ಮತ್ತು ಅದರ ತಲೆಯ ಮೇಲಿನ ಮೂರು ಕವಲಿನ ಶಲಾಕೆಗಳೇ ಅದರ ಸರ್ವಸ್ವ. ಬಟ್ಟಲಿನ ಅಂಚಿನಲ್ಲಿ ನಾಲ್ಕು ಸಣ್ಣ ಮಕರಂದ ಗ್ರಂಥಿಗಳಿದ್ದು, ಒಂದೊಂದರ ಹೊರಬದಿಗೂ ಬಿಳಿ ಅಥವಾ ನಸುಗುಲಾಬಿಯ ಕಿರಿದಾದ ಅಂಚು ಹೊಲಿದಂತಿರುತ್ತದೆ. ಭೂತಗನ್ನಡಿಯಲ್ಲಿ ದಳಗಳಂತೆ ಕಾಣುವುದು ಈ ಅಂಚುಗಳೇ. ಇಂಥ ರಚನೆಗೆ ಸಸ್ಯಶಾಸ್ತ್ರಜ್ಞರು ಬಟ್ಟಲು ಎಂಬರ್ಥದ ಗ್ರೀಕ್ ಪದದಿಂದ ಸಯಾಥಿಯಮ್ ಎಂದು ಹೆಸರಿಟ್ಟಿದ್ದಾರೆ. ಹೊಲದ ಬೇಲಿಯ ಬೊಂತೆಗಳ್ಳಿಯಲ್ಲಿಯೂ, ಕ್ರಿಸ್‌ಮಸ್ ಹೊತ್ತಿಗೆ ನರ್ಸರಿಗಳಲ್ಲಿ ಕೆಂಪೇರಿ ನಿಲ್ಲುವ ಪಾಯಿನ್‌ಸೆಟಿಯಾದಲ್ಲಿಯೂ ಹೂವಿನ ಕಟ್ಟಡ ಮೂಲತಃ ಇದೇ. ಆಳೆತ್ತರದ ಕಳ್ಳಿಗೂ ಕಾಲಡಿಯ ಈ ಚಾಪೆಗೂ ಇರುವ ರಕ್ತಸಂಬಂಧ ಆ ಬಟ್ಟಲಿನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣುವುದಿಲ್ಲ. ಬೆಳಗಿನ ಹೊತ್ತು ಗಿಡದ ಬಳಿ ಕುಳಿತರೆ ಇರುವೆಗಳು ಈ ಬಟ್ಟಲಿನಿಂದ ಆ ಬಟ್ಟಲಿಗೆ ಓಡಾಡುವುದನ್ನು ನೋಡಬಹುದು. ಅವು ಬರುವುದು ಗ್ರಂಥಿಗಳ ಮಕರಂದಕ್ಕಾಗಿ.

ಗರ್ಭ ಕಟ್ಟಿದ ಮೇಲೆ ಹೆಣ್ಣುಹೂವಿನ ತೊಟ್ಟು ಉದ್ದವಾಗಿ, ಕಾಯಿ ಬಟ್ಟಲಿನಿಂದ ಹೊರಕ್ಕೆ ಬಾಗಿ ಒಂದು ಪಕ್ಕಕ್ಕೆ ಜೋತುಬೀಳುತ್ತದೆ. ಕಾಯಿಯ ಉದ್ದ ಸುಮಾರು ಒಂದೂವರೆ ಮಿಲಿಮೀಟರ್. ಹರಳಿನ ಕಾಯಿಯನ್ನು ನೆನಪಿಸಿಕೊಂಡರೆ ಇದರ ಆಕಾರ ತಿಳಿಯುತ್ತದೆ: ಮೂರು ಹೋಳುಗಳು ಕೂಡಿದಂತಿದ್ದು, ಒಂದೊಂದು ಹೋಳಿನ ಬೆನ್ನಿನ ಮೇಲೂ ಒಂದು ಏಣು ಇರುತ್ತದೆ. ಇಲ್ಲಿಯೇ ನಿರ್ಣಾಯಕ ಗುರುತು ಇರುವುದು. ಚಾಪೆ ಹಾಲುಗಿಡದ ಕಾಯಿಯಲ್ಲಿ ರೋಮಗಳು ಆ ಮೂರು ಏಣುಗಳ ಗುಂಟ ಮಾತ್ರ ಸಾಲಾಗಿ ನಿಂತಿರುತ್ತವೆ. ಏಣುಗಳ ನಡುವಿನ ಇಳಿಜಾರು ಬಹುಮಟ್ಟಿಗೆ ಬೋಳು. ಬೆಳಕಿಗೆ ಎದುರಾಗಿ ಹಿಡಿದರೆ ಕಾಯಿಯ ಅಂಚಿನಲ್ಲಿ ಬಿಳಿ ಕುಚ್ಚು ಕಟ್ಟಿದಂತೆ ತೋರುತ್ತದೆ.

ಇದರ ಜೊತೆಜೊತೆಯಲ್ಲೇ ಬೆಳೆಯುವ, ಇದರೊಡನೆ ಅತಿ ಹೆಚ್ಚು ಗೊಂದಲಕ್ಕೊಳಗಾಗುವ ಗಿಡ ಯೂಫೋರ್ಬಿಯಾ ಥೈಮಿಫೋಲಿಯಾ. ಗಾತ್ರ, ಬಣ್ಣ, ಹಬ್ಬುವ ರೀತಿ ಎಲ್ಲದರಲ್ಲಿಯೂ ಅದು ಚಾಪೆ ಹಾಲುಗಿಡದ ಅವಳಿಯಂತಿದೆ. ಆದರೆ ಅದರ ಕಾಯಿಯ ಮೈತುಂಬ ಗಿಡ್ಡ ರೋಮಗಳು ಒತ್ತಿ ಮಲಗಿರುತ್ತವೆ, ಏಣು ಇಳಿಜಾರು ಎಂಬ ಭೇದ ಅಲ್ಲಿಲ್ಲ. ಮತ್ತೊಂದು ವ್ಯತ್ಯಾಸವನ್ನೂ ಗಮನಿಸಬಹುದು: ಥೈಮಿಫೋಲಿಯಾದ ಕಾಯಿಯ ತೊಟ್ಟು ಗಿಡ್ಡವಾಗಿಯೇ ಉಳಿಯುವುದರಿಂದ ಕಾಯಿ ಬಟ್ಟಲಿನಿಂದ ಪೂರ್ತಿ ಹೊರಬರಲಾರದೆ, ಬಲಿಯುತ್ತ ಬಲಿಯುತ್ತ ಬಟ್ಟಲಿನ ಒಂದು ಮಗ್ಗುಲನ್ನು ಸೀಳಿಕೊಂಡು ಅಲ್ಲಿಯೇ ಕೂತಿರುತ್ತದೆ. ಪ್ರಾಸ್ಟ್ರೇಟಾದ ಕಾಯಿ ಹೊರಗೆ ತೂಗುತ್ತದೆ. ಕುಕ್ಕರಹಳ್ಳಿ ಕೆರೆಯ ನಡಿಗೆಯ ಹಾದಿಯಲ್ಲಿ ನೋಡಿದ ಗಿಡವೊಂದನ್ನು ನಾನು ಎಲೆ ಮತ್ತು ಬಣ್ಣದ ಆಧಾರದ ಮೇಲೆ ಥೈಮಿಫೋಲಿಯಾ ಎಂದು ಬರೆದಿಟ್ಟು, ಬಹಳ ದಿನಗಳ ಮೇಲೆ ಒಣಗಿದ ಅದೇ ಮಾದರಿಯ ಕಾಯಿಯನ್ನು ಭೂತಗನ್ನಡಿಯಲ್ಲಿ ನೋಡಿ ತಿದ್ದಿಕೊಂಡಿದ್ದೇನೆ. ಅಂದಿನಿಂದ ಕಾಯಿಲ್ಲದ ಎಳೆಯ ಗಿಡವನ್ನು ಯಾರಾದರೂ ತಂದು ತೋರಿಸಿದರೆ, ಸೊಟ್ಟೆಲೆಯ ಹಾಲುಗಿಡಗಳಲ್ಲಿ ಒಂದು ಎಂದಷ್ಟೇ ಹೇಳಿ, ಎರಡು ವಾರ ಬಿಟ್ಟು ಬನ್ನಿ ಎನ್ನುತ್ತೇನೆ.

ಬೀಜದಲ್ಲಿಯೂ ಗುರುತಿದೆ. ಒಂದು ಕಾಯಿಗೆ ಮೂರೇ ಬೀಜ, ಹೋಳಿಗೊಂದರಂತೆ. ಒಂದೊಂದರ ಉದ್ದ ಸುಮಾರು ಒಂದು ಮಿಲಿಮೀಟರ್. ಪ್ರಾಸ್ಟ್ರೇಟಾದ ಬೀಜಕ್ಕೆ ನಾಲ್ಕು ಮೂಲೆಗಳಿದ್ದು, ಅಡ್ಡಡ್ಡಲಾಗಿ ಹರಿತವಾದ ಏಣುಗಳು ಎದ್ದಿರುತ್ತವೆ. ಥೈಮಿಫೋಲಿಯಾದ ಬೀಜದಲ್ಲಿ ಅಡ್ಡಗೆರೆಗಳು ಮಸುಕಾಗಿರುತ್ತವೆ. ಬಲಿತ ಕಾಯಿಗಳಿರುವ ಕವಲನ್ನು ಮುಚ್ಚಿದ ಕಾಗದದ ಲಕೋಟೆಯಲ್ಲಿ ಹಾಕಿಟ್ಟರೆ ಒಂದೆರಡು ದಿನಗಳಲ್ಲಿ ಬೀಜಗಳು ತಾವಾಗಿ ಸಿಗುತ್ತವೆ, ಏಕೆಂದರೆ ಒಣಗಿದ ಕಾಯಿ ಚಟಕ್ಕನೆ ಒಡೆದು ಬೀಜಗಳನ್ನು ಎಸೆಯುತ್ತದೆ. ತೆರೆದ ತಟ್ಟೆಯಲ್ಲಿ ಇಟ್ಟವರು ಮೇಜಿನ ಸುತ್ತ ಹುಡುಕಬೇಕಾಗುತ್ತದೆ.

ಬಳಗದ ಉಳಿದವರನ್ನು ಬೇಗ ನೋಡಿ ಮುಗಿಸೋಣ. ಅಚ್ಚೆಗಿಡವೆಂದು ಗ್ರಂಥಗಳು ಹೆಸರಿಸುವ ಯೂಫೋರ್ಬಿಯಾ ಹಿರ್ಟಾ ಎಲ್ಲೆಡೆ ಸಿಗುವ ಗಿಡ. ಅದೂ ಅಮೆರಿಕದ ಮೂಲದ್ದೇ. ಅದರ ಎಲೆಗಳು ಒಂದರಿಂದ ನಾಲ್ಕು ಸೆಂಟಿಮೀಟರ್ ಉದ್ದವಿದ್ದು ಮಧ್ಯದಲ್ಲಿ ಹಲವು ಸಲ ನೇರಳೆಯ ಕಲೆಯಿರುತ್ತದೆ, ಕಾಂಡದ ಮೇಲೆ ಹಳದಿಯ ಉದ್ದ ರೋಮಗಳಿರುತ್ತವೆ, ಬಟ್ಟಲುಗಳು ಬಿಡಿಬಿಡಿಯಾಗಿರದೆ ಎಲೆಯ ಕಂಕುಳಲ್ಲಿ ದುಂಡನೆಯ ಗೊಂಡೆಗಳಾಗಿ ಒತ್ತಿಕೊಂಡಿರುತ್ತವೆ. ತುದಿಗಳು ಮೇಲಕ್ಕೆದ್ದು ನಿಲ್ಲುವುದರಿಂದ ಚಾಪೆಯ ರೂಪ ಅದಕ್ಕಿಲ್ಲ. ಯೂಫೋರ್ಬಿಯಾ ಸರ್ಪೆನ್ಸ್ ಎಂಬ ಇನ್ನೊಂದು ಜಾತಿ ಮೈಯೆಲ್ಲ ಬೋಳಾಗಿದ್ದು, ಕಾಯಿಯೂ ನುಣುಪಾಗಿದ್ದು, ಗೆಣ್ಣುಗಳಲ್ಲಿ ಬೇರೂರುತ್ತದೆ. ನೆಲನೆಲ್ಲಿಯ ಕಾಯಿಗಳೂ ಎಲೆಗಳ ಕೆಳಗೆ ಸಾಲಾಗಿ ತೂಗುತ್ತವಾದರೂ ಗಿಡ ನೆಟ್ಟಗೆ ನಿಲ್ಲುತ್ತದೆ, ಎಲೆಗಳು ಎದುರುಬದುರಾಗಿರುವುದಿಲ್ಲ, ಮುರಿದರೆ ಹಾಲಿಲ್ಲ. ಕೊಮ್ಮೆ ಅಥವಾ ಪುನರ್ನವದ ಎಲೆಗಳು ಜೋಡಿಯಲ್ಲಿ ಒಂದು ದೊಡ್ಡದು ಒಂದು ಚಿಕ್ಕದಾಗಿದ್ದು, ಕಾಯಿಗಳು ಬಟ್ಟೆಗೆ ಅಂಟುತ್ತವೆ, ಅದರಲ್ಲಿಯೂ ಹಾಲಿಲ್ಲ. ವಿಷ್ಣುಕ್ರಾಂತಿಯ ನೀಲಿ ಹೂವನ್ನು ಕಂಡ ಮೇಲೆ ಗೊಂದಲಕ್ಕೆ ಎಡೆಯೇ ಇಲ್ಲ.

ಪ್ರಾಸ್ಟ್ರೇಟಾ ಎಂದರೆ ಬೋರಲು ಮಲಗಿದ್ದು ಎಂದರ್ಥ. ಲಂಡನ್ನಿನ ಬಳಿಯ ಕ್ಯೂ ಉದ್ಯಾನದ ಮೇಲ್ವಿಚಾರಕನಾಗಿದ್ದ ವಿಲಿಯಂ ಐಟನ್, ಆ ಉದ್ಯಾನದಲ್ಲಿ ಬೆಳೆಯುತ್ತಿದ್ದ ಗಿಡಗಳ ಪಟ್ಟಿಯನ್ನು 1789ರಲ್ಲಿ ಪ್ರಕಟಿಸಿದಾಗ ಈ ಹೆಸರನ್ನು ಕೊಟ್ಟನು. ಕುಲದ ಹೆಸರು ಇನ್ನೂ ಹಳೆಯದು. ಉತ್ತರ ಆಫ್ರಿಕದ ಮಾರಿಟೇನಿಯಾದ ದೊರೆ ಎರಡನೆಯ ಜುಬಾನ ಆಸ್ಥಾನ ವೈದ್ಯ ಯೂಫೋರ್ಬಸ್‌ನ ನೆನಪಿಗೆ ಅದು ಸಲ್ಲುತ್ತದೆ. ಇಂಥ ಗಿಡವನ್ನು ಯಾರೂ ಬೇಕೆಂದು ಹಡಗಿಗೇರಿಸಿ ತರಬೇಕಾಗಿಲ್ಲ. ಕುಂಡದ ಮಣ್ಣು, ಸಸಿಗಳ ಬೇರಿನ ಮುದ್ದೆ, ಧಾನ್ಯದ ಕಸ, ಬೂಟಿನ ಅಡಿ, ಇಷ್ಟು ಸಾಕು. ಈ ಗುಂಪಿನ ಹಲವು ಜಾತಿಗಳ ಬೀಜಗಳು ಒದ್ದೆಯಾದಾಗ ಕಾಮಕಸ್ತೂರಿಯ ಬೀಜದಂತೆ ಲೋಳೆ ಬಿಟ್ಟು, ತಾಗಿದ ವಸ್ತುವಿಗೆ ಅಂಟಿಕೊಳ್ಳುತ್ತವೆ. ಇಂದು ಸುರುಳಿ ಸುತ್ತಿ ಮಾರುವ ಹುಲ್ಲಿನ ಹಾಸನ್ನು ಕೊಂಡು ತಂದು ಹಾಸಿದ ಮನೆಗಳಲ್ಲಿ, ಮೊದಲ ಮಳೆಗೇ ಈ ಗಿಡ ಹುಲ್ಲಿನ ನಡುವೆ ತಲೆಹಾಕಿದರೆ ಅದು ಎಲ್ಲಿಂದ ಬಂತೆಂದು ಹುಡುಕಲು ದೂರ ಹೋಗಬೇಕಾಗಿಲ್ಲ.

ಅಷ್ಟು ತೆಳುವಾದ ಗಿಡ ಕಾದ ಕಾಂಕ್ರೀಟಿನ ಬಿರುಕಿನಲ್ಲಿ ಬಾಡದೆ ಬದುಕುವುದು ಹೇಗೆ ಎಂಬುದಕ್ಕೆ ಉತ್ತರ ಎಲೆಯೊಳಗಿದೆ. ಸಾಧಾರಣ ಗಿಡಗಳು ಬಿಸಿಲು ಹೆಚ್ಚಿ ಎಲೆರಂಧ್ರಗಳನ್ನು ಮುಚ್ಚಿಕೊಂಡಾಗ ಇಂಗಾಲದ ಡೈಆಕ್ಸೈಡ್ ಸಾಲದೆ ಸೊರಗುತ್ತವೆ. ಕಬ್ಬು, ಜೋಳ, ರಾಗಿಗಳು ಆ ಅನಿಲವನ್ನು ಮೊದಲು ನಾಲ್ಕು ಇಂಗಾಲದ ಆಮ್ಲವಾಗಿ ಹಿಡಿದಿಟ್ಟು, ನರಗಳ ಸುತ್ತಲಿನ ವಿಶೇಷ ಜೀವಕೋಶಗಳಿಗೆ ಸಾಗಿಸಿ, ಅಲ್ಲಿ ದಟ್ಟವಾಗಿ ಬಿಡುಗಡೆ ಮಾಡಿ ಸಕ್ಕರೆ ತಯಾರಿಸುತ್ತವೆ. ಹೀಗಾಗಿ ಕಡಿಮೆ ನೀರು ಕಳೆದುಕೊಂಡು ಹೆಚ್ಚು ಬೆಳೆಯುತ್ತವೆ. ಸಿ-4 ಎಂದು ಹೆಸರಾದ ಆ ವ್ಯವಸ್ಥೆ ಚಾಪೆ ಹಾಲುಗಿಡದಲ್ಲಿಯೂ ಇದೆ. ಮಂಡ್ಯದ ಗದ್ದೆಯಲ್ಲಿ ಎದೆಯುದ್ದ ನಿಂತ ಕಬ್ಬೂ ಗದ್ದೆಗೆ ಹೋಗುವ ದಾರಿಯಲ್ಲಿ ತುಳಿಸಿಕೊಂಡು ಬಿದ್ದಿರುವ ಈ ಕಳೆಯೂ ಉಣ್ಣುವ ಬಗೆ ಒಂದೇ. ಭೂತಗನ್ನಡಿಯ ಕೆಳಗೆ ಎಲೆಯನ್ನು ಬೆಳಕಿಗೆ ಎದುರಾಗಿ ಹಿಡಿದರೆ ನರಗಳ ಜಾಲವು ಸುತ್ತಲಿನ ಭಾಗಕ್ಕಿಂತ ಕಡುಹಸಿರಾಗಿ ಕಾಣುವುದು ಈ ಕಾರಣದಿಂದ. ಇದನ್ನೂ ಒಂದು ಗುರುತಾಗಿ ಬಳಸಿಕೊಳ್ಳಬಹುದು. ಗೋಣಿ ಸೊಪ್ಪಿನಲ್ಲಿಯೂ ಸಿ-4 ವ್ಯವಸ್ಥೆಯಿರುವುದರಿಂದ ಇವೆರಡೂ ಒಂದೇ ಬಗೆಯ ಸುಡುನೆಲದಲ್ಲಿ ಅಕ್ಕಪಕ್ಕ ಸಿಗುವುದು ಸಹಜ, ಗೊಂದಲವೂ ಅಲ್ಲಿಂದಲೇ ಹುಟ್ಟುತ್ತದೆ.

ಈ ಗಿಡಕ್ಕೆ ಬೇಕಾದದ್ದು ಬಿಸಿಲು ಮತ್ತು ಪೈಪೋಟಿಯಿಲ್ಲದ ನೆಲ. ಮಣ್ಣು ಕದಡಿದ ಕಡೆಯೆಲ್ಲ ಅದು ಸಿಗುತ್ತದೆ: ಪೈಪು ಹೂಳಲು ಅಗೆದು ಮುಚ್ಚಿದ ರಸ್ತೆಯ ಬದಿ, ವಿಶ್ವೇಶ್ವರಯ್ಯ ನಾಲೆಯ ಹೂಳೆತ್ತಿ ಸುರಿದ ದಂಡೆ, ಮನೆ ಕಟ್ಟಲು ಜಲ್ಲಿ ಮರಳು ರಾಶಿ ಹಾಕಿದ್ದ ನಿವೇಶನ, ದಸರಾ ಜನಜಂಗುಳಿ ತುಳಿದು ಹುಲ್ಲು ಸವೆದ ಮೈದಾನದ ಅಂಚು. ಕಾಂಪೌಂಡಿನೊಳಗೆ ಹಾಸಿದ ಇಂಟರ್‌ಲಾಕ್ ಇಟ್ಟಿಗೆಗಳ ಸಂದು ಇದಕ್ಕೆ ಹೇಳಿ ಮಾಡಿಸಿದ ಜಾಗ. ಹುಲ್ಲುಹಾಸಿನಲ್ಲಿ ಮಾತ್ರ ಇದು ಎಲ್ಲ ಕಡೆ ಬರುವುದಿಲ್ಲ; ಹುಲ್ಲು ತೆಳುವಾದ, ನೀರು ತಪ್ಪಿದ, ಜನ ಓಡಾಡಿ ಮಣ್ಣು ಗಟ್ಟಿಯಾದ ತೇಪೆಗಳಲ್ಲಿ ಬರುತ್ತದೆ. ಆದ್ದರಿಂದ ಹುಲ್ಲುಹಾಸಿನ ಯಾವ ಭಾಗ ಸೊರಗಿದೆ ಎಂಬುದಕ್ಕೆ ಇದೇ ಒಳ್ಳೆಯ ಸೂಚಕ.

ಹುಲ್ಲು ಕತ್ತರಿಸುವ ಯಂತ್ರದಿಂದ ಇದನ್ನು ಹತೋಟಿಗೆ ತರಬಹುದೆಂದು ಕೆಲವರು ಹುಲ್ಲನ್ನು ಬೋಳಿಸಿದಂತೆ ಗಿಡ್ಡವಾಗಿ ಕತ್ತರಿಸುತ್ತಾರೆ. ಇದು ಕಳೆಗೇ ಉಪಕಾರ ಮಾಡಿದಂತೆ. ಅಲಗು ಎಷ್ಟೇ ಕೆಳಗಿಳಿದರೂ ನೆಲಕ್ಕಂಟಿದ ಕಾಂಡಗಳಿಗೆ ತಾಗುವುದಿಲ್ಲ, ಅತ್ತ ನೆರಳು ಕೊಡುತ್ತಿದ್ದ ಹುಲ್ಲು ಮಾತ್ರ ಹೋಗಿ ಬಿಸಿಲು ನೇರವಾಗಿ ಕಳೆಯ ಮೇಲೆ ಬೀಳುತ್ತದೆ. ಹುಲ್ಲನ್ನು ಕೊಂಚ ಎತ್ತರಕ್ಕೆ ಬಿಟ್ಟು, ತೇಪೆಗಳಲ್ಲಿ ಗಟ್ಟಿಯಾದ ಮಣ್ಣನ್ನು ಸಡಿಲಿಸಿ, ಗೊಬ್ಬರ ಹಾಕಿ, ಗರಿಕೆಯ ಕಡ್ಡಿಗಳನ್ನು ಒತ್ತಾಗಿ ನೆಟ್ಟರೆ ಅದಕ್ಕೆ ಜಾಗ ಸಿಗುವುದಿಲ್ಲ. ಇರುವ ಗಿಡಗಳನ್ನು ಕೈಯಿಂದಲೇ ಕೀಳುವುದು ನನ್ನ ಅಭಿಪ್ರಾಯದಲ್ಲಿ ಮನೆಯ ತೋಟಕ್ಕೆ ಸಾಕಾದ ವಿಧಾನ. ಮಳೆ ಬಂದ ಮಾರನೆಯ ದಿನ, ಕವಲುಗಳನ್ನೆಲ್ಲ ಒಟ್ಟಾಗಿ ಮೇಲಕ್ಕೆತ್ತಿ ಕೂದಲನ್ನು ಜುಟ್ಟು ಹಿಡಿದಂತೆ ಹಿಡಿದು, ನಡುವಿನ ಬಿಂದುವಿಗೆ ಬೆರಳು ಹಾಕಿ ನೇರವಾಗಿ ಎಳೆದರೆ ತಾಯಿಬೇರು ಸಮೇತ ಬರುತ್ತದೆ. ಕವಲನ್ನು ಹಿಡಿದು ಎಳೆದರೆ ಬುಡದಲ್ಲಿ ತುಂಡಾಗಿ, ಉಳಿದ ಬುಡ ಮತ್ತೆ ಚಿಗುರುತ್ತದೆ. ಮೊಳೆತ ಕೆಲವೇ ವಾರಗಳಲ್ಲಿ ಕಾಯಿ ಕಟ್ಟುವುದರಿಂದ ತಿಂಗಳಿಗೊಮ್ಮೆ ಮಾಲಿಯನ್ನು ಕರೆಸುವ ಮನೆಗಳಲ್ಲಿ ಕಳೆಯೇ ಸದಾ ಒಂದು ಹೆಜ್ಜೆ ಮುಂದಿರುತ್ತದೆ. ಕಿತ್ತ ಗಿಡದಲ್ಲಿ ಕಾಯಿಗಳಿದ್ದರೆ ಅದನ್ನು ಗೊಬ್ಬರದ ಗುಂಡಿಗೆ ಹಾಕಬಾರದು. ಒಣಗುವಾಗಲೂ ಅವು ಸಿಡಿಯುತ್ತವೆ.

ಕೀಳುವಾಗ ಒಂದು ಎಚ್ಚರಿಕೆ ಅಗತ್ಯ. ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಏನಾಗುತ್ತದೆಂದು ಹಳ್ಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಗಿಡ ಸಣ್ಣದೆಂಬ ಕಾರಣಕ್ಕೆ ಇದರ ಹಾಲನ್ನು ಬೇರೆಯಾಗಿ ಎಣಿಸಬಾರದು. ಸೂಕ್ಷ್ಮ ಚರ್ಮದವರಿಗೆ ಉರಿ, ತುರಿಕೆ ಆಗಬಹುದು, ಕಣ್ಣಿಗೆ ತಾಗಿದರೆ ಉರಿಯೂತವಾಗಬಹುದು. ಕೈ ತೊಳೆಯುವ ತನಕ ಮುಖ ಮುಟ್ಟದಿರುವುದು, ತಾಗಿಯೇ ಬಿಟ್ಟರೆ ಕಣ್ಣನ್ನು ಉಜ್ಜದೆ ಶುದ್ಧ ನೀರನ್ನು ಬಹಳ ಹೊತ್ತು ಹರಿಸಿ ಕಣ್ಣಿನ ವೈದ್ಯರ ಬಳಿಗೆ ಹೋಗುವುದು, ಇವಿಷ್ಟು ಗೊತ್ತಿರಬೇಕು. ಇದೇ ಗಿಡದಿಂದ ಬೇರ್ಪಡಿಸಿದ ಸಾರದಿಂದ ಮೂಲವ್ಯಾಧಿಗೆ ಔಷಧ ತಯಾರಾಗಿ ನಮ್ಮ ದೇಶದಲ್ಲಿ ಮಾರಾಟವಾಗುತ್ತಿದೆ. ಹಾಗೆಂದು ಅಂಗಳದಲ್ಲಿ ಕಿತ್ತದ್ದನ್ನು ಅರೆದು ಕುಡಿಯುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಔಷಧದಲ್ಲಿರುವುದು ಅಳೆದು ತೂಗಿದ ಸಾರ, ಅಂಗಳದಲ್ಲಿರುವುದು ಹಾಲು ಸಮೇತವಾದ ಗಿಡ, ಅದೂ ಪ್ರಾಸ್ಟ್ರೇಟಾವೋ ಅದರ ಅವಳಿಯೋ ಎಂಬುದು ಕಾಯಿ ನೋಡದೆ ತಿಳಿಯದು.

ಗುರುತಿಸಿದ್ದನ್ನು ಇನ್ನೊಬ್ಬರಿಗೆ ತೋರಿಸಿ ಖಚಿತಪಡಿಸಿಕೊಳ್ಳಬೇಕೆನ್ನುವವರು, ಬೇರು, ಹೂವು, ಕಾಯಿ ಮೂರೂ ಇರುವ ಒಂದು ಇಡೀ ಗಿಡವನ್ನು ಹಳೆಯ ದಿನಪತ್ರಿಕೆಯ ಮಡಿಕೆಯಲ್ಲಿ ಹರಡಿ, ಮೇಲೆ ಭಾರವಿಟ್ಟು, ದಿನಕ್ಕೊಮ್ಮೆ ಪತ್ರಿಕೆ ಬದಲಿಸುತ್ತ ಒಂದು ವಾರ ಒಣಗಿಸಬೇಕು. ಒಂದೆರಡು ಎಲೆಗಳ ಬೆನ್ನು ಮೇಲೆ ಬರುವಂತೆ ತಿರುಗಿಸಿಡುವುದು ಒಳ್ಳೆಯದು. ಪಕ್ಕದಲ್ಲಿ ದಿನಾಂಕ, ಸ್ಥಳ, ನೆಲದ ಬಗೆ, ಕಾಂಡದ ಬಣ್ಣ, ಹಾಲು ಬಂತೋ ಇಲ್ಲವೋ ಎಂಬುದನ್ನು ಬರೆದಿಡಬೇಕು, ಏಕೆಂದರೆ ಒಣಗಿದ ಗಿಡದಲ್ಲಿ ಬಣ್ಣ ಮಾಸುತ್ತದೆ, ಹಾಲು ತಿಳಿಯುವುದಿಲ್ಲ. ಕಾಯಿಯ ಏಣಿನ ಮೇಲಿನ ರೋಮ ಮಾತ್ರ ವರ್ಷಗಳ ಮೇಲೂ ಹಾಗೆಯೇ ಇರುತ್ತದೆ.